ಟ್ಯಾಬ್‌ಗೆ ಕೀಬೋರ್ಡ್ ಕೇಸ್: ಕೀಲಿಗಿಂತ ಮೊದಲು ಕೂರುವ ಜಾಗ

ಪ್ರಶ್ನೆ: ನನ್ನ ಬಳಿ 11 ಇಂಚಿನ ಟ್ಯಾಬ್ ಇದೆ. ಇದುವರೆಗೆ ಓದುವುದಕ್ಕೆ, ವಿಡಿಯೊ ನೋಡುವುದಕ್ಕೆ ಬಳಸುತ್ತಿದ್ದೆ. ಈಗ ಅನುವಾದದ ಕೆಲಸ ಒಪ್ಪಿಕೊಂಡಿದ್ದೇನೆ. ದಿನಕ್ಕೆ ಎರಡು ಗಂಟೆಯಷ್ಟು ಕನ್ನಡದಲ್ಲಿ ಟೈಪ್ ಮಾಡಬೇಕು, ನಡುನಡುವೆ ಇಂಗ್ಲಿಷ್ ಇಮೇಲ್ ಕೂಡ. ಹೆಚ್ಚಾಗಿ ಮೇಜಿನ ಮೇಲೆ, ಕೆಲವೊಮ್ಮೆ ಸೋಫಾದಲ್ಲಿ, ಪ್ರಯಾಣದಲ್ಲೂ ಒಂದಿಷ್ಟು. ರಾತ್ರಿ ಅದೇ ಟ್ಯಾಬ್ ಹಿಡಿದು ಮಲಗಿಕೊಂಡು ಓದುವ ಅಭ್ಯಾಸವಿದೆ. ಟ್ಯಾಬ್ ತಯಾರಿಸಿದ ಕಂಪನಿಯದೇ ದುಬಾರಿ ಕೇಸ್, ಬೇರೆ ಕಂಪನಿಯ ಬ್ಲೂಟೂತ್ ಕೇಸ್, ಅಗ್ಗದ ಫೋಲಿಯೊ, ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ? ಟ್ರ್ಯಾಕ್‌ಪ್ಯಾಡ್ ಬೇಕೇ ಬೇಕಾ?

ಉತ್ತರ: ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ರಾತ್ರಿ ಮಲಗಿಕೊಂಡು ಓದುತ್ತೀರಿ ಎಂದಾದರೆ ಕೀಬೋರ್ಡ್ ಒಂದೇ ಎಳೆತಕ್ಕೆ ಕಳಚಿ ಬರಬೇಕು. ಈ ಒಂದು ಷರತ್ತು ಹಾಕಿಕೊಂಡರೆ ಸಿಗುವ ಕೇಸ್‌ಗಳಲ್ಲಿ ದೊಡ್ಡ ಪಾಲು ತಾನಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೀಲಿ ಒತ್ತಿ ನೋಡುತ್ತಾರೆ, ಹಿಂದಿನಿಂದ ಬೆಳಕು ಬರುತ್ತದೆಯೇ ಎಂದು ಕೇಳುತ್ತಾರೆ, ಬಣ್ಣ ಆರಿಸುತ್ತಾರೆ. ಮೊದಲು ಕೇಳಬೇಕಾದದ್ದು ಇದು ಹೇಗೆ ನಿಲ್ಲುತ್ತದೆ, ಎಷ್ಟು ತೂಗುತ್ತದೆ ಎಂಬುದನ್ನು. ಕೀಲಿ ಸಾಧಾರಣವಾಗಿದ್ದರೂ ಬೆರಳು ವಾರದೊಳಗೆ ಒಗ್ಗಿಕೊಳ್ಳುತ್ತದೆ. ತೊಡೆಯ ಮೇಲೆ ಹಿಂದಕ್ಕೆ ಮಗುಚುವ ಕೇಸ್‌ಗೆ ಯಾರೂ ಒಗ್ಗಿಕೊಂಡದ್ದನ್ನು ನಾನು ಕಂಡಿಲ್ಲ.

ಮಗುಚುವುದಕ್ಕೆ ಕಾರಣ ಸರಳ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ, ಬೋರ್ಡ್ ಎಲ್ಲವೂ ಕೆಳಗಿನ ಭಾಗದಲ್ಲಿ ಇರುತ್ತವೆ, ಪರದೆ ಹಗುರ. ಟ್ಯಾಬ್‌ನಲ್ಲಿ ಎಲ್ಲ ತೂಕವೂ ಪರದೆಯ ಹಿಂದೆಯೇ. ಅದನ್ನು ನೆಟ್ಟಗೆ ನಿಲ್ಲಿಸಿ ಮುಂದೆ ತೆಳ್ಳನೆಯ ಕೀಬೋರ್ಡ್ ಇಟ್ಟರೆ ಭಾರವೆಲ್ಲ ಹಿಂಬದಿಗೆ ವಾಲುತ್ತದೆ. ಇದನ್ನು ತಡೆಯಲು ತಯಾರಕರು ಮೂರು ದಾರಿ ಹಿಡಿದಿದ್ದಾರೆ. ಹಿಂದೆ ಒಂದು ಕಾಲು ಕೊಡುವುದು ಮೊದಲನೆಯದು. ಮೈಕ್ರೋಸಾಫ್ಟ್ 2012ರ ಸರ್ಫೇಸ್‌ನಿಂದ ಜನಪ್ರಿಯಗೊಳಿಸಿದ ಕಿಕ್‌ಸ್ಟ್ಯಾಂಡ್ ಇದೇ. ಕವರ್ ಅನ್ನೇ ಮಡಚಿ ಆಸರೆ ಮಾಡುವ ಫೋಲಿಯೊ ಕೂಡ ಇದೇ ಜಾತಿ. ಕೀಬೋರ್ಡ್ ಭಾಗವನ್ನೇ ಭಾರ ಮಾಡಿ ಲ್ಯಾಪ್‌ಟಾಪ್‌ನಂತೆ ಬಿಗಿಯಾದ ಹಿಂಜ್ ಕೊಡುವುದು ಎರಡನೆಯದು. ಟ್ಯಾಬ್ ಅನ್ನು ಮ್ಯಾಗ್ನೆಟ್‌ನಿಂದ ಹಿಡಿದು, ಕೀಲಿಗಳ ಮೇಲೆ ಗಾಳಿಯಲ್ಲಿ ತೇಲಿದಂತೆ ಮುಂದಕ್ಕೆ ತರುವುದು ಮೂರನೆಯದು. ಆಪಲ್ 2020ರಲ್ಲಿ ಐಪ್ಯಾಡ್ ಪ್ರೊಗೆ ತಂದ ಮ್ಯಾಜಿಕ್ ಕೀಬೋರ್ಡ್ ಈ ಬಗೆಯದು.

ಕಿಕ್‌ಸ್ಟ್ಯಾಂಡ್‌ನ ಲಾಭವೆಂದರೆ ಪರದೆಯನ್ನು ಬೇಕಾದ ಕೋನಕ್ಕೆ ತಿರುಗಿಸಬಹುದು, ಕೀಬೋರ್ಡ್ ಕಳಚಿಟ್ಟ ಮೇಲೂ ಟ್ಯಾಬ್ ತಾನೇ ನಿಲ್ಲುತ್ತದೆ. ನಷ್ಟವೆಂದರೆ ಅದಕ್ಕೆ ಹಿಂದೆ ಜಾಗ ಬೇಕು. ಮೇಜಿನ ಮೇಲೆ ತೊಂದರೆಯಿಲ್ಲ. ಬಸ್ಸು, ರೈಲು, ವಿಮಾನದ ಪುಟ್ಟ ಹಲಗೆಯ ಮೇಲೆ ಕಾಲು ಹಿಡಿಸುವುದಿಲ್ಲ. ತೊಡೆಯ ಮೇಲಿಟ್ಟರೆ ಅದರ ಅಂಚು ಮೊಣಕಾಲಿನ ಹತ್ತಿರ ಒತ್ತುತ್ತದೆ, ತೊಡೆ ಉದ್ದ ಕಡಿಮೆ ಇರುವವರಿಗೆ ಕಾಲು ಜಾರಿ ಹೊರಗೇ ಹೋಗುತ್ತದೆ. ತೇಲುವ ಬಗೆಯದಕ್ಕೂ ಹಿಂಜ್ ಬಗೆಯದಕ್ಕೂ ಈ ಕಾಟವಿಲ್ಲ, ತೊಡೆಯ ಮೇಲೆ ಗಟ್ಟಿಯಾಗಿ ಕೂರುತ್ತವೆ. ಆದರೆ ಅದಕ್ಕೆ ತೂಕದ ರೂಪದಲ್ಲಿ ಸುಂಕ ಕಟ್ಟಬೇಕು. 2020ರ 12.9 ಇಂಚಿನ ಐಪ್ಯಾಡ್ ಪ್ರೊ 641 ಗ್ರಾಂ ಇತ್ತು. ಮ್ಯಾಜಿಕ್ ಕೀಬೋರ್ಡ್ ಸೇರಿದರೆ ಒಟ್ಟು 1.3 ಕಿಲೊ ದಾಟುತ್ತಿತ್ತು. ಅದೇ ಕಂಪನಿಯ ಎಂ2 ಮ್ಯಾಕ್‌ಬುಕ್ ಏರ್ 1.24 ಕಿಲೊ! ಹಗುರವೆಂದು ಟ್ಯಾಬ್ ಕೊಂಡು, ಕೊನೆಗೆ ಲ್ಯಾಪ್‌ಟಾಪ್‌ಗಿಂತ ಭಾರದ್ದನ್ನು ಹೊತ್ತು ತಿರುಗುವುದು ಯಾವ ಲೆಕ್ಕ?

ಫೋಲಿಯೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ಅಗ್ಗದ ಫೋಲಿಯೊಗಳಲ್ಲಿ ಟ್ಯಾಬ್ ನಿಲ್ಲಿಸಲು ಒಂದೋ ಎರಡೋ ಕಚ್ಚು ಇರುತ್ತದೆ, ಅಂದರೆ ಕೋನ ನಿಮ್ಮದಲ್ಲ, ಅದರದು. ಮೇಲಿನ ದೀಪದ ಬೆಳಕು ಪರದೆಗೆ ಹೊಡೆದರೆ ನೀವೇ ಬಾಗಬೇಕು. ದಿನಕ್ಕೆ ನಾಲ್ಕು ಇಮೇಲ್ ಬರೆಯುವವರಿಗೆ ಸಾಕು, ಎರಡು ಗಂಟೆ ಅನುವಾದ ಮಾಡುವವರಿಗೆ ಸಾಲದು.

ಇನ್ನು ಕೀಲಿಗಳು. ಕನ್ನಡದಲ್ಲಿ ಬರೆಯುವವರಿಗೆ ಇದೊಂದು ಬೇರೆಯೇ ಅಧ್ಯಾಯ. ಇಂಗ್ಲಿಷಿನ ವಿಮರ್ಶೆಗಳನ್ನು ಎಷ್ಟು ಓದಿದರೂ ಇದು ತಿಳಿಯುವುದಿಲ್ಲ.

ಪೂರ್ಣ ಗಾತ್ರದ ಕೀಬೋರ್ಡ್‌ನಲ್ಲಿ ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 19 ಮಿ.ಮೀ. ಅಂತರ ಇರುತ್ತದೆ. ಒಂದು ಸಾಲಿನಲ್ಲಿ ಟ್ಯಾಬ್, ಬ್ಯಾಕ್‌ಸ್ಪೇಸ್, ಎಂಟರ್‌ನಂಥ ಅಗಲದ ಕೀಲಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಹದಿನೈದು ಕೀಲಿಗಳಷ್ಟು ಜಾಗ ಬೇಕು. ಅಲ್ಲಿಗೆ 285 ಮಿ.ಮೀ. ಆಯಿತು. 11 ಇಂಚಿನ ಟ್ಯಾಬ್‌ನ ಉದ್ದ ಸುಮಾರು 250 ಮಿ.ಮೀ. ಮಾತ್ರ. ಉಳಿದ ಮೂರೂವರೆ ಸೆಂಟಿಮೀಟರ್ ಎಲ್ಲಿಂದಲೋ ಕದಿಯಲೇಬೇಕು. ಕೆಲವರು ಎಲ್ಲ ಕೀಲಿಗಳನ್ನೂ ಒಂದೇ ಸಮನೆ ಕುಗ್ಗಿಸುತ್ತಾರೆ, ಅಂತರ 16-17 ಮಿ.ಮೀ.ಗೆ ಇಳಿಯುತ್ತದೆ. ಇನ್ನು ಕೆಲವರು ಇಂಗ್ಲಿಷಿನ 26 ಅಕ್ಷರಗಳನ್ನು ದೊಡ್ಡದಾಗಿಯೇ ಉಳಿಸಿ ಅಂಚಿನ ಕೀಲಿಗಳನ್ನು ಅರ್ಧಕ್ಕೆ ಇಳಿಸುತ್ತಾರೆ ಅಥವಾ ಎಫ್‌ಎನ್ (Fn) ಕೀಲಿಯನ್ನು ಜೊತೆಗೆ ಒತ್ತಿದರೆ ಮಾತ್ರ ಸಿಗುವಂತೆ ಬಚ್ಚಿಡುತ್ತಾರೆ. ಇಂಗ್ಲಿಷ್ ಬರೆಯುವವರಿಗೆ ಎರಡನೆಯ ದಾರಿ ಒಳ್ಳೆಯದು. ಅರ್ಧವಿರಾಮ, ಚೌಕ ಆವರಣಗಳನ್ನು ಅವರು ಎಷ್ಟು ಸಲ ಒತ್ತುತ್ತಾರೆ?

ನೀವು ಭಾರತೀಯ ಭಾಷೆಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಬಳಸುವವರಾದರೆ ಅದೇ ದಾರಿ ನಿಮ್ಮ ಕೆಲಸ ಕೆಡಿಸುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಅರ್ಧವಿರಾಮದ ಕೀಲಿ ಎಂದರೆ ‘ಚ’. ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀಲಿ ‘ಟ’. ಚೌಕ ಆವರಣ ತೆರೆಯುವ ಕೀಲಿ ‘ಡ’. ಓರೆಗೆರೆಯ ಕೀಲಿ ‘ಯ’. ಎಡ ಮೂಲೆಯಲ್ಲಿ, ಒಂದರ ಅಂಕಿಯ ಪಕ್ಕದಲ್ಲಿ ಇರುವ ಕೀಲಿಯಲ್ಲಿ ‘ಕೊ’, ‘ಹೊ’ಗಳ ಒತ್ವ ಕೂತಿದೆ. ಚಿಕ್ಕ ಕೀಬೋರ್ಡ್‌ಗಳಲ್ಲಿ ಮೊದಲು ಬಲಿಯಾಗುವ ಕೀಲಿ ಇದೇ. ಅದನ್ನು ಎಸ್ಕೇಪ್ ಜೊತೆಗೆ ಸೇರಿಸಿ ಎಫ್‌ಎನ್ ಒತ್ತಿದರೆ ಮಾತ್ರ ಸಿಗುವಂತೆ ಮಾಡಿರುತ್ತಾರೆ. ‘ಮಾಡು’, ‘ಕೊಡು’, ‘ಹೊಸ’, ‘ಯಾರು’ ಇಲ್ಲದೆ ಕನ್ನಡದ ಒಂದು ಪ್ಯಾರಾ ಬರೆಯಲು ಆದೀತೇ? ಹಾಗಾಗಿ ನಿಮಗೆ ಎಲ್ಲ ಕೀಲಿಗಳೂ ಸಮನಾಗಿ ಕುಗ್ಗಿದ ಕೀಬೋರ್ಡ್ ಮೇಲು. ನೋಡಲು ಇಕ್ಕಟ್ಟು ಅನಿಸಿದರೂ ಪ್ರತಿ ಅಕ್ಷರಕ್ಕೂ ತನ್ನ ಜಾಗ ಇರುತ್ತದೆ.

ನುಡಿ ತಂತ್ರಾಂಶದಿಂದ ಪರಿಚಿತವಾದ ಕೆ.ಪಿ. ರಾವ್ ಅವರ ವಿನ್ಯಾಸ ನಿಮ್ಮದಾದರೆ ಈ ತಾಪತ್ರಯವಿಲ್ಲ. ಅದು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಹಿಡಿಸಿಕೊಂಡಿದೆ. ಅಲ್ಲಿ ನೋಡಬೇಕಾದದ್ದು ಬಲಗಡೆಯ ಶಿಫ್ಟ್. ದೀರ್ಘ ಸ್ವರಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಬೇಕು. ‘ಕಾ’ ಬರೆಯಲು ಎಡಗೈಯ ಕಿರುಬೆರಳು ‘ಎ’ ಮೇಲೆ ಇರುವಾಗ ಬಲಗಡೆಯ ಶಿಫ್ಟ್ ಒತ್ತಬೇಕು. ಬಾಣದ ಕೀಲಿಗಳನ್ನು ತುರುಕುವ ಭರದಲ್ಲಿ ಬಲ ಶಿಫ್ಟ್ ಅನ್ನು ಗುಂಡಿಯಷ್ಟು ಮಾಡಿರುವ ಕೀಬೋರ್ಡ್‌ಗಳು ಬೇಕಾದಷ್ಟಿವೆ. ಅಂಥದರಲ್ಲಿ ದೀರ್ಘ ಹಾಕಲು ಹೋದಾಗಲೆಲ್ಲ ಕರ್ಸರ್ ಮೇಲಿನ ಸಾಲಿಗೆ ನೆಗೆಯುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವವರಿಗೆ ಬೇರೆ ಎಚ್ಚರಿಕೆ. ಪರದೆಯ ಮೇಲಿನ ಕೀಬೋರ್ಡ್‌ನಲ್ಲಿ ಸಿಗುವ ಲಿಪ್ಯಂತರ, ಪದಸೂಚನೆಗಳೆಲ್ಲ ಹೊರಗಿನ ಕೀಬೋರ್ಡ್ ಜೋಡಿಸಿದಾಗಲೂ ಹಾಗೇ ಕೆಲಸ ಮಾಡುತ್ತವೆ ಎಂದುಕೊಳ್ಳಬೇಡಿ. ಅದು ಟ್ಯಾಬ್‌ನ ಕಾರ್ಯಾಚರಣೆ ವ್ಯವಸ್ಥೆಗೂ ನೀವು ಹಾಕಿಕೊಂಡ ಕೀಬೋರ್ಡ್ ಆ್ಯಪ್‌ಗೂ ಬಿಟ್ಟ ವಿಷಯ. ಕೇಸ್ ಎಷ್ಟೇ ದುಬಾರಿಯಾದರೂ ಇದರಲ್ಲಿ ಅದರ ಮಾತು ನಡೆಯುವುದಿಲ್ಲ.

ಇದನ್ನೆಲ್ಲ ಪರೀಕ್ಷಿಸಲು ಹಣ ಖರ್ಚು ಮಾಡಬೇಕಿಲ್ಲ. ಯಾರದಾದರೂ ಬ್ಲೂಟೂತ್ ಕೀಬೋರ್ಡ್ ಒಂದು ಸಂಜೆಗೆ ಕೇಳಿ ತನ್ನಿ. ಅದೂ ಸಿಗದಿದ್ದರೆ ಡೆಸ್ಕ್‌ಟಾಪ್‌ನ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಸಾಕು, ಟ್ಯಾಬ್‌ನ ಟೈಪ್-ಸಿ ಪೋರ್ಟ್‌ಗೆ ಒಂದು ಅಡಾಪ್ಟರ್ ಹಾಕಿ ಸಿಕ್ಕಿಸಿ. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಕೀಬೋರ್ಡ್‌ಗೆ ಕನ್ನಡ ಸೇರಿಸಿ, ನಿಮ್ಮ ಅನುವಾದದ ಒಂದು ಪುಟ ಟೈಪ್ ಮಾಡಿ. ಭಾಷೆ ಬದಲಿಸುವ ಶಾರ್ಟ್‌ಕಟ್ ಯಾವುದೆಂದೂ ಆಗಲೇ ನೋಡಿಟ್ಟುಕೊಳ್ಳಿ. ಐಪ್ಯಾಡ್‌ನಲ್ಲಿ ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಆಗುತ್ತದೆ, ಗೋಳದ ಚಿತ್ರವಿರುವ ಕೀಲಿ ಇದ್ದರೆ ಇನ್ನೂ ಸಲೀಸು. ಈ ಪರೀಕ್ಷೆಯಲ್ಲಿ ಕನ್ನಡ ಸರಿಯಾಗಿ ಮೂಡದಿದ್ದರೆ ಕೇಸ್ ಕೊಳ್ಳುವ ಮಾತನ್ನು ಸದ್ಯ ಬದಿಗಿಡಿ. ಅಂಗಡಿಯಲ್ಲಿ ಕೀಬೋರ್ಡ್ ನೋಡುವಾಗ ಒತ್ತಿ ನೋಡಲು ಒಂದು ವಾಕ್ಯ ಕೊಡುತ್ತೇನೆ: ‘ಕೊಟ್ಟ ಚೀಟಿಯನ್ನು ಹೊಡೆದಾಟದಲ್ಲಿ ಕಳೆದುಕೊಂಡೆಯಾ?’ ಅರ್ಥಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ತೊಂದರೆ ಕೊಡುವ ಕೀಲಿಗಳೆಲ್ಲ ಅದರಲ್ಲಿವೆ.

ಕೀಲಿ ಎಷ್ಟು ಆಳ ಇಳಿಯಬೇಕು ಎಂಬ ಬಗ್ಗೆ ಜನ ಬಹಳ ವಾದಿಸುತ್ತಾರೆ. 1 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೆರಳ ತುದಿಗೆ ಗೋಡೆ ಕುಟ್ಟಿದಂತಾಗುತ್ತದೆ, 1ರಿಂದ 1.5 ಮಿ.ಮೀ. ಇದ್ದರೆ ಸಾಕು. ಇಳಿಯದೇ ಇರುವ ಕೀಲಿಯನ್ನೂ ಮೈಕ್ರೋಸಾಫ್ಟ್ ಒಮ್ಮೆ ಮಾಡಿ ನೋಡಿತ್ತು. 2012ರಲ್ಲಿ ಸರ್ಫೇಸ್ ಜೊತೆಗೆ ಬಂದ ಟಚ್ ಕವರ್‌ನಲ್ಲಿ ಕೀಲಿಗಳು ಬಟ್ಟೆಯ ಮೇಲೆ ಬರೆದಂತೆ ಚಪ್ಪಟೆಯಾಗಿದ್ದು, ಬೆರಳ ಒತ್ತಡವನ್ನಷ್ಟೇ ಗ್ರಹಿಸುತ್ತಿದ್ದವು. ಅದರ ಜೊತೆಗೇ ಬಂದ, ಕೀಲಿ ಇಳಿಯುವ ಟೈಪ್ ಕವರ್ ಉಳಿದುಕೊಂಡಿತು, ಟಚ್ ಕವರ್ ಮರೆಯಾಯಿತು.

ಸಂಪರ್ಕದ ವಿಷಯಕ್ಕೆ ಬರೋಣ. ನಿಮ್ಮ ಟ್ಯಾಬ್‌ನ ಹಿಂಬದಿಯಲ್ಲೋ ಅಂಚಿನಲ್ಲೋ ಸಣ್ಣ ಲೋಹದ ಚುಕ್ಕೆಗಳ ಸಾಲು ಇದೆಯೇ ನೋಡಿ. ಆಪಲ್ ಇದನ್ನು ಸ್ಮಾರ್ಟ್ ಕನೆಕ್ಟರ್ ಎನ್ನುತ್ತದೆ, 2015ರ ಐಪ್ಯಾಡ್ ಪ್ರೊದಲ್ಲಿ ಮೂರು ಚುಕ್ಕೆಗಳಾಗಿ ಬಂತು. ಸ್ಯಾಮ್‌ಸಂಗ್ ಮುಂತಾದವರ ಟ್ಯಾಬ್‌ಗಳಲ್ಲಿ ಇವಕ್ಕೆ ಪೋಗೊ ಪಿನ್ ಎಂದು ಹೆಸರು. ಈ ಚುಕ್ಕೆಗಳ ಮೂಲಕ ಕೀಬೋರ್ಡ್‌ಗೆ ವಿದ್ಯುತ್ತೂ ಹೋಗುತ್ತದೆ, ಒತ್ತಿದ ಅಕ್ಷರವೂ ಬರುತ್ತದೆ. ಕೀಬೋರ್ಡ್‌ಗೆ ಬೇರೆ ಚಾರ್ಜ್ ಬೇಡ, ಬ್ಲೂಟೂತ್‌ನಲ್ಲಿ ಹುಡುಕಿ ಜೋಡಿಸುವ ಪೇರಿಂಗ್ ಬೇಡ, ಅಂಟಿಸಿದ ಕ್ಷಣದಿಂದ ಬರೆಯಬಹುದು.

ಬ್ಲೂಟೂತ್‌ನಲ್ಲಿ ಒಂದು ಸಣ್ಣ ಕಿರಿಕಿರಿ ಇದೆ. ಅನುವಾದಕರಿಗೆ ಅದು ದೊಡ್ಡದಾಗಿಯೇ ತೋರಬಹುದು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಬ್ಯಾಟರಿ ಉಳಿಸಲು ಕೀಬೋರ್ಡ್ ನಿದ್ದೆಗೆ ಜಾರುತ್ತದೆ. ನೀವು ಒಂದು ವಾಕ್ಯದ ಮುಂದೆ ಗಲ್ಲಕ್ಕೆ ಕೈಕೊಟ್ಟು ಯೋಚಿಸಿ, ಸರಿಯಾದ ಪದ ಹೊಳೆದು ಟೈಪ್ ಮಾಡಲು ಹೋದರೆ ಮೊದಲ ಒಂದೆರಡು ಅಕ್ಷರ ಮಾಯವಾಗಿರುತ್ತವೆ. ಹಾಗೆಂದು ಬ್ಲೂಟೂತ್ ಅನ್ನು ತಳ್ಳಿಹಾಕುವಂತಿಲ್ಲ. ಚುಕ್ಕೆಗಳ ಮೂಲಕ ಅಂಟುವ ಕೇಸ್ ಆ ಮಾದರಿಯ ಟ್ಯಾಬ್‌ಗೆ ಮಾತ್ರ ಸಲ್ಲುತ್ತದೆ. 2024ರಲ್ಲಿ ಎಂ4 ಚಿಪ್‌ನ ಐಪ್ಯಾಡ್ ಪ್ರೊ ಬಂದಾಗ ಹಳೆಯ ಮ್ಯಾಜಿಕ್ ಕೀಬೋರ್ಡ್ ಅದಕ್ಕೆ ಆಗಲಿಲ್ಲ, ಹೊಸದನ್ನೇ ಕೊಳ್ಳಬೇಕಾಯಿತು. ಬ್ಲೂಟೂತ್ ಕೀಬೋರ್ಡ್ ಮುಂದಿನ ಟ್ಯಾಬ್‌ಗೂ ಫೋನ್‌ಗೂ ಕಂಪ್ಯೂಟರ್‌ಗೂ ನಡೆಯುತ್ತದೆ. ಕಂಪನಿಯ ದುಬಾರಿ ಕೇಸ್‌ಗೆ ಹಣ ಹಾಕುವ ಮುನ್ನ, ಈ ಟ್ಯಾಬ್ ಅನ್ನು ಇನ್ನೂ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಟ್ಯಾಬ್ ಈಗಾಗಲೇ ಹಳತಾಗಿದ್ದರೆ ನನ್ನ ಓಟು ಬ್ಲೂಟೂತ್‌ಗೆ.

ಟ್ರ್ಯಾಕ್‌ಪ್ಯಾಡ್ ಬೇಕೇ ಬೇಕಾ ಎಂದು ಕೇಳಿದ್ದೀರಿ. ಬೇಕೇ ಬೇಕೆಂದಿಲ್ಲ, ಇದ್ದರೆ ಸುಖ. ಐಪ್ಯಾಡ್‌ಗಳಿಗೆ ಟ್ರ್ಯಾಕ್‌ಪ್ಯಾಡ್ ಬೆಂಬಲ ಸರಿಯಾಗಿ ಬಂದದ್ದೇ 2020ರ ಮಾರ್ಚ್‌ನ ಐಪ್ಯಾಡ್‌ಓಎಸ್ 13.4ರಲ್ಲಿ. ಅದಕ್ಕೆ ಮೊದಲೂ ಜನ ಬರೆಯುತ್ತಿದ್ದರು. ವಾಕ್ಯವನ್ನು ಕತ್ತರಿಸಿ ಇನ್ನೊಂದು ಕಡೆ ಹಾಕುವುದು, ಒಂದು ಪದವನ್ನು ಆರಿಸುವುದು ನಿಮ್ಮ ಕೆಲಸದಲ್ಲಿ ನಿಮಿಷಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಕೈ ಎತ್ತಿ ಪರದೆ ಮುಟ್ಟಿದರೆ ಭುಜ ನೋಯುತ್ತದೆ, ಕನ್ನಡದ ಒತ್ತಕ್ಷರಗಳ ನಡುವೆ ಬೆರಳಿನಿಂದ ಕರ್ಸರ್ ಇಡುವುದೂ ತ್ರಾಸು. ಶಿಫ್ಟ್ ಹಿಡಿದು ಬಾಣದ ಕೀಲಿಗಳಿಂದ ಆರಿಸುವುದನ್ನು ರೂಢಿಸಿಕೊಂಡರೆ ಅರ್ಧ ಕೆಲಸ ಆಯಿತು, ಉಳಿದದ್ದಕ್ಕೆ ಒಂದು ಸಣ್ಣ ಬ್ಲೂಟೂತ್ ಮೌಸ್ ಸಾಕು. ಆದರೆ ತೊಡೆಯ ಮೇಲೆ ಮೌಸ್ ಓಡಿಸಲಾಗದು. ಅಲ್ಲಿ ಟ್ರ್ಯಾಕ್‌ಪ್ಯಾಡ್ ಇದ್ದರೆ ಅಂಗೈ ಊರಲು ಜಾಗವೂ ಸಿಗುತ್ತದೆ, ಕೀಬೋರ್ಡ್ ಉದ್ದವಾಗಿ ಒಂದಿಷ್ಟು ಸ್ಥಿರವೂ ಆಗುತ್ತದೆ. ಅಗ್ಗದ ಕೇಸ್‌ಗಳ ಟ್ರ್ಯಾಕ್‌ಪ್ಯಾಡ್ ಮಾತ್ರ ಬೇಡ. ಟೈಪ್ ಮಾಡುವಾಗ ಅಂಗೈ ತಗುಲಿದ್ದನ್ನೂ ಆಜ್ಞೆ ಎಂದುಕೊಂಡು ಕರ್ಸರನ್ನು ಎಲ್ಲೋ ಎಸೆಯುವಂಥವೇ ಅವುಗಳಲ್ಲಿ ಹೆಚ್ಚು.

ಮೂಲವನ್ನು ಒಂದು ಬದಿಗೆ, ಅನುವಾದವನ್ನು ಇನ್ನೊಂದು ಬದಿಗೆ ಇಟ್ಟುಕೊಂಡು ಕೆಲಸ ಮಾಡುವುದಾದರೆ ಅಡ್ಡ ಪರದೆಯೇ ಸರಿ, ಬಹುತೇಕ ಕೇಸ್‌ಗಳು ನಿಲ್ಲಿಸುವುದೂ ಹಾಗೆಯೇ. ಮುದ್ರಿತ ಪುಸ್ತಕ ನೋಡಿಕೊಂಡು ಅನುವಾದಿಸುವುದಾದರೆ ಟ್ಯಾಬ್ ಅನ್ನು ಉದ್ದಕ್ಕೆ ನಿಲ್ಲಿಸಿದಾಗ ಸಾಲುಗಳು ಹೆಚ್ಚು ಕಾಣುತ್ತವೆ. ಕೀಬೋರ್ಡ್ ಪೂರ್ತಿ ಬೇರೆಯಾಗಿದ್ದರೆ ಮಾತ್ರ ಇದು ಸುಲಭ.

ಹಾಗೆ ಬೇರೆಯಾಗಿರುವುದರಿಂದ ಇನ್ನೊಂದು ಪ್ರಯೋಜನವಿದೆ, ಕುತ್ತಿಗೆಗೆ. ಕೇಸ್‌ಗೆ ಅಂಟಿದ ಪರದೆ ಮೇಜಿನ ಮಟ್ಟದಲ್ಲೇ ಇರುತ್ತದೆ, ಎರಡು ಗಂಟೆ ಅದನ್ನೇ ನೋಡಿದರೆ ತಲೆ ಬಗ್ಗಿಯೇ ಇರುತ್ತದೆ. ಟ್ಯಾಬ್ ಅನ್ನು ಎತ್ತರದ ಸ್ಟ್ಯಾಂಡ್ ಮೇಲೋ ದಪ್ಪ ಪುಸ್ತಕಗಳ ಮೇಲೋ ಇಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಕೀಬೋರ್ಡ್ ಅನ್ನು ಮೊಣಕೈ ಎತ್ತರದಲ್ಲಿ ಇಟ್ಟುಕೊಳ್ಳುವುದು ದೇಹಕ್ಕೆ ಹಿತ. ಯಾವ ದುಬಾರಿ ಕೇಸ್ ಕೂಡ ಈ ಎತ್ತರ ಕೊಡಲಾರದು. ಕಂಪನಿಗಳ ಜಾಹೀರಾತುಗಳಲ್ಲಿ ಎಲ್ಲರೂ ನೆಟ್ಟಗೆ ಕೂತು ನಗುತ್ತಿರುತ್ತಾರೆ, ಅದು ಬೇರೆ ಮಾತು.

ಆದ್ದರಿಂದ ನಿಮಗೆ ನನ್ನ ಸಲಹೆ ಹೀಗೆ. ಟ್ಯಾಬ್‌ಗೆ ಚುಕ್ಕೆಗಳಿದ್ದು, ಅದನ್ನು ಇನ್ನೂ ಮೂರ್ನಾಲ್ಕು ವರ್ಷ ಬಳಸುವ ಅಂದಾಜಿದ್ದರೆ, ಎರಡು ತುಂಡಾಗಿ ಬರುವ ಕೇಸ್ ಕೊಳ್ಳಿ: ಹಿಂದಿನ ಕವರ್‌ಗೆ ಕಿಕ್‌ಸ್ಟ್ಯಾಂಡ್, ಮುಂದೆ ಚುಕ್ಕೆಗಳ ಮೂಲಕ ಅಂಟುವ ಕೀಬೋರ್ಡ್. ರಾತ್ರಿ ಕೀಬೋರ್ಡ್ ಎಳೆದಿಟ್ಟರೆ ಕೈಯಲ್ಲಿ ಹಗುರ ಟ್ಯಾಬ್ ಉಳಿಯುತ್ತದೆ. ಕಂಪನಿಯದೇ ಆಗಬೇಕೆಂದಿಲ್ಲ, ಚುಕ್ಕೆಗಳನ್ನು ಬಳಸುವ ಬೇರೆ ತಯಾರಕರ ಕೇಸ್‌ಗಳೂ ಇವೆ. ಸೋಫಾದಲ್ಲಿ ತೊಡೆಯ ಮೇಲೆ ಒಂದು ಅಗಲದ ಗಟ್ಟಿ ಹಲಗೆ ಇಟ್ಟುಕೊಂಡರೆ ಕಿಕ್‌ಸ್ಟ್ಯಾಂಡ್‌ನ ಕಾಟ ತಪ್ಪುತ್ತದೆ. ಚುಕ್ಕೆಗಳಿಲ್ಲದಿದ್ದರೆ ಅಥವಾ ಟ್ಯಾಬ್ ಹಳೆಯದಾದರೆ ಕೇಸ್‌ನ ಗೊಡವೆಯೇ ಬೇಡ. ಪೂರ್ಣ ಗಾತ್ರದ ಒಂದು ಒಳ್ಳೆಯ ಬ್ಲೂಟೂತ್ ಕೀಬೋರ್ಡ್ ಮತ್ತು ಮಡಚುವ ಒಂದು ಸ್ಟ್ಯಾಂಡ್ ತೆಗೆದುಕೊಳ್ಳಿ. ಹೆಚ್ಚಾಗಿ ಮೇಜಿನ ಮೇಲೆ ಎಂದಿದ್ದೀರಲ್ಲ, ಅಲ್ಲಿ ಈ ಜೋಡಿಯನ್ನು ಮೀರಿಸುವ ಕೇಸ್ ಇಲ್ಲ. ಕೆಲಸದ ಬಹುಪಾಲು ತೊಡೆಯ ಮೇಲೆಯೇ ಆಗಿದ್ದರೆ ತೇಲುವ ಬಗೆಯದನ್ನೇ ಹೇಳುತ್ತಿದ್ದೆ, ಅದರಲ್ಲೂ ಟ್ಯಾಬ್ ಮಾತ್ರ ಕಿತ್ತು ತೆಗೆಯಬಹುದು. ಆದರೆ ಹಾಗೆ ತೆಗೆದ ಟ್ಯಾಬ್‌ಗೆ ಮೈಮೇಲೆ ಕವರ್ ಇರುವುದಿಲ್ಲ, ಅಂಚುಗಳು ಬರಿದು. ಹಾಸಿಗೆಯಿಂದ ಜಾರಿದರೆ ಕಾಯುವವರಿಲ್ಲ.

ಹಣ ಕೊಡುವ ಮುನ್ನ ಬೇಗಬೇಗ ನೋಡಬೇಕಾದ ಕೆಲವು ಸಂಗತಿಗಳಿವೆ. 11 ಇಂಚು ಎಂದು ಹೇಳಿ ಕೇಸ್ ಕೇಳಬೇಡಿ. ಒಂದೇ ಅಳತೆಯ ಟ್ಯಾಬ್‌ಗಳಲ್ಲೂ ಕ್ಯಾಮೆರಾ, ಗುಂಡಿ, ಚುಕ್ಕೆಗಳ ಜಾಗ ಬೇರೆಬೇರೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್‌ನ ವಿವರ ಇರುವಲ್ಲಿ ಮಾದರಿ ಸಂಖ್ಯೆ ಸಿಗುತ್ತದೆ, ಅದನ್ನು ಬರೆದುಕೊಂಡು ಹೋಗಿ. ಪೆನ್ ಬಳಸುವವರಾದರೆ ಅದು ಅಂಟುವ ಅಂಚನ್ನು ಕೇಸ್ ಮುಚ್ಚಬಾರದು. ಬ್ಲೂಟೂತ್ ಕೀಬೋರ್ಡ್‌ನ ಚಾರ್ಜಿಂಗ್ ಪೋರ್ಟ್ ಟೈಪ್-ಸಿ ಆಗಿರಲಿ. ಕೀಲಿಗಳ ಹಿಂದಿನ ಬೆಳಕು ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಅದನ್ನು ಆರಿಸುವ ಗುಂಡಿ ಇದೆಯೇ ನೋಡಿ. ಮಡಚುವ ಕಡೆಯಲ್ಲಿ ತಂತಿ ಹಾದುಹೋಗುವ ಕೇಸ್‌ಗಳು ಕೆಡುವುದು ಹೆಚ್ಚಾಗಿ ಆ ಮಡಿಕೆಯಲ್ಲೇ, ಹಾಗಾಗಿ ವಾರಂಟಿ ಎಷ್ಟು ಕಾಲ ಎಂದು ಕೇಳಿ. ಬಿಳಿ ಬಣ್ಣ ಆರು ತಿಂಗಳಿಗೆ ಬಿಳಿಯಾಗಿ ಉಳಿಯುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಅಳವಡಿಸಿದ್ದರೆ ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕೇಸ್‌ಗಳಲ್ಲಿ ಬಲವಾದ ಮ್ಯಾಗ್ನೆಟ್‌ಗಳಿರುತ್ತವೆ. ಇಂಥ ಸಾಧನಗಳನ್ನು ಪೇಸ್‌ಮೇಕರ್‌ನಿಂದ 15 ಸೆಂ.ಮೀ.ಗಿಂತ ಹೆಚ್ಚು ದೂರ ಇಡಬೇಕೆಂದು ಆಪಲ್ ಹೇಳುತ್ತದೆ. ಎದೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಓದುವವರು ಅಂಥವರಾದರೆ ಮೊದಲು ವೈದ್ಯರನ್ನು ಕೇಳಲಿ.

ಕೊಂಡ ಮೇಲೆ ಗಾಬರಿ ಹುಟ್ಟಿಸುವ ಒಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ಹೊರಗಿನ ಕೀಬೋರ್ಡ್ ಜೋಡಿಸಿದ ಕೂಡಲೇ ಪರದೆಯ ಮೇಲಿನ ಕೀಬೋರ್ಡ್ ಮಾಯವಾಗುತ್ತದೆ. ಟ್ಯಾಬ್ ಕೆಟ್ಟಿಲ್ಲ. ಆಂಡ್ರಾಯ್ಡ್‌ನಲ್ಲಿ ಭೌತಿಕ ಕೀಬೋರ್ಡ್‌ನ ಸೆಟ್ಟಿಂಗ್ಸ್‌ಗೆ ಹೋದರೆ ಪರದೆಯ ಕೀಬೋರ್ಡನ್ನೂ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ರಾತ್ರಿ ಓದುವಾಗ ಯಾವುದೋ ಪದ ಹುಡುಕಲು ಹೋಗಿ ಕೀಬೋರ್ಡೇ ಬರಲಿಲ್ಲವೆಂದರೆ, ಪಕ್ಕದ ಕೋಣೆಯಲ್ಲಿಟ್ಟ ಬ್ಲೂಟೂತ್ ಕೀಬೋರ್ಡ್ ಇನ್ನೂ ಆನ್ ಇದೆ ಎಂದರ್ಥ. ಅದರ ಬದಿಯ ಗುಂಡಿ ಆಫ್ ಮಾಡಿ ಬನ್ನಿ.